ಏಳನೆಯ ಕಲಂ: ಡೀಫಾಲ್ಟ್ ಶೆಲ್ ಬದಲಿಸಿದಾಗ ನಿಜಕ್ಕೂ ಬದಲಾಗುವುದೇನು?

"ಸರ್, ಶೆಲ್ ಬದಲಾಯಿಸಿದೆ. ಪಾಸ್‌ವರ್ಡ್ ಕೇಳ್ತು, ಕೊಟ್ಟೆ. ಎರರ್ ಏನೂ ಬರಲಿಲ್ಲ. ಆದ್ರೆ ಹೊಸ ಟರ್ಮಿನಲ್ ತೆರೆದ್ರೂ ಅದೇ ಬ್ಯಾಶ್ ಬರ್ತಿದೆ. ಎಕೋ ಡಾಲರ್ ಶೆಲ್ ಅಂತ ಹೊಡೆದ್ರೂ ಬ್ಯಾಶ್ ಅಂತಲೇ ಹೇಳುತ್ತೆ."

ಲಿನಕ್ಸ್ ಕಲಿಯಲು ಶುರು ಮಾಡಿದ ಕಿರಿಯರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಾವು ಟೈಪಿಸಿದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮೇ ಶೆಲ್, ಬ್ಯಾಶ್ ಅಂಥದೊಂದು. ಪೂರ್ತಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ ಎಂದರೆ ಆ ಹೊತ್ತಿನ ಕೆಲಸ ಮುಗಿಯುತ್ತದೆ. ಆದರೆ ಯಾಕೆ ಎಂದು ತಿಳಿಯದೆ ಮುಂದೆ ಹೋದವರು ಕೆಲವು ತಿಂಗಳಾದ ಮೇಲೆ ಇನ್ನೂ ಗಟ್ಟಿಯಾದ ಗಂಟಿನೊಂದಿಗೆ ಬರುತ್ತಾರೆ. ಸ್ಕ್ರಿಪ್ಟ್ ಓಡುತ್ತಿಲ್ಲ, ಕನ್ನಡ ಹೆಸರಿನ ಫೈಲುಗಳು ಅಂಕಿಗಳಾಗಿ ಕಾಣುತ್ತಿವೆ, ಸರ್ವರ್ ಒಳಗೇ ಬಿಡುತ್ತಿಲ್ಲ. ಈ ಗಂಟುಗಳ ಬುಡ ಒಂದೇ. 'ಶೆಲ್' ಎಂಬ ಒಂದು ಮಾತಿನಿಂದ ನಾವು ಮೂರು ಬೇರೆ ಸಂಗತಿಗಳನ್ನು ಕರೆಯುತ್ತೇವೆ: ಲಾಗಿನ್ ಆದಾಗ ಸಿಗುವ ಶೆಲ್, ಈ ಕ್ಷಣ ನಾವು ಟೈಪಿಸುತ್ತಿರುವ ಶೆಲ್, ಸ್ಕ್ರಿಪ್ಟುಗಳನ್ನು ಓಡಿಸುವ ಶೆಲ್. ಡೀಫಾಲ್ಟ್ ಬದಲಿಸುವ ಆಜ್ಞೆ ಮುಟ್ಟುವುದು ಮೊದಲನೆಯದನ್ನು ಮಾತ್ರ.

ಮುಂದೆ ಓದುವ ಮುನ್ನ ಒಂದು ಮಾತು. ಆಜ್ಞೆ ಮತ್ತು ಫೈಲುಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪಿಸುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು. ಎಕೋ ಡಾಲರ್ ಶೆಲ್ ಎಂಬಲ್ಲಿನ 'ಶೆಲ್' ಮಾತ್ರ ದೊಡ್ಡಕ್ಷರಗಳಲ್ಲಿ. ಕಾಗುಣಿತದಲ್ಲಿ ಗೊಂದಲವಾಗುವಂಥ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ.

ಶೆಲ್ ಎಂಬುದೂ ಒಂದು ಸಾಮಾನ್ಯ ಪ್ರೋಗ್ರಾಮೇ. ತೆಂಗಿನಕಾಯಿಯ ತಿರುಳು ಕರಟದೊಳಗೆ ಇರುವ ಹಾಗೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗಿದ್ದರೆ, ನಮ್ಮ ಕೈಗೆ ತಾಗುವ ಹೊರಚಿಪ್ಪು ಶೆಲ್. ಈ ಹೆಸರು ಕೊಟ್ಟವರು ಫ್ರಾನ್ಸಿನ ಲೂಯಿ ಪೂಜಾಂ. 1960ರ ದಶಕದಲ್ಲಿ ಎಂಐಟಿಯಲ್ಲಿದ್ದಾಗ ಅವರು 'ರನ್‌ಕಾಮ್' ಎಂಬ ಪ್ರೋಗ್ರಾಂ ಬರೆದಿದ್ದರು, ಒಂದು ಫೈಲಿನಲ್ಲಿ ಬರೆದಿಟ್ಟ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸಲಿಕ್ಕೆ. ಆ ರನ್‌ಕಾಮ್‌ನ ಗುರುತು ಇವತ್ತಿಗೂ ನಮ್ಮ ಹೋಂ ಡೈರೆಕ್ಟರಿಯಲ್ಲಿದೆ. ಬ್ಯಾಶ್‌ಆರ್‌ಸಿ, ಝಡ್‌ಎಸ್‌ಎಚ್‌ಆರ್‌ಸಿ ಎಂಬ ಫೈಲುಗಳ ಕೊನೆಯ 'ಆರ್‌ಸಿ' ಅಲ್ಲಿಂದಲೇ ಬಂದದ್ದು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಅಂದಿನ ಅನೇಕ ವ್ಯವಸ್ಥೆಗಳಿಗಿಂತ ಭಿನ್ನವಾದದ್ದು ಒಂದು ತೀರ್ಮಾನದಿಂದ. ಅದು ಶೆಲ್ಲನ್ನು ಕರ್ನಲ್ಲಿನೊಳಗೆ ಸೇರಿಸಲಿಲ್ಲ. ಹೊರಗಿನ ಪ್ರೋಗ್ರಾಂ ಆದ್ದರಿಂದ ಯಾರು ಬೇಕಾದರೂ ಹೊಸದೊಂದನ್ನು ಬರೆಯಬಹುದು, ಹಾಗೆಯೇ ಬರೆದರು ಕೂಡ. 1971ರ ಮೊದಲ ಯುನಿಕ್ಸ್ ಜೊತೆ ಬಂದದ್ದು ಕೆನ್ ಥಾಂಪ್ಸನ್ ಬರೆದ ಶೆಲ್. 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಸ್ಟೀಫನ್ ಬೋರ್ನ್ ಅವರ ಶೆಲ್ ಅದರ ಜಾಗಕ್ಕೆ ಬಂತು. ಬೋರ್ನ್ ಅವರಿಗೆ ಆಲ್ಗಾಲ್ 68 ಭಾಷೆ ಪ್ರಿಯ. 'ಇಫ್' ಎಂದು ತೆರೆದದ್ದನ್ನು ತಿರುಗಿಸಿ 'ಫಿ' ಎಂದು, 'ಕೇಸ್' ಎಂದು ತೆರೆದದ್ದನ್ನು 'ಎಸ್ಯಾಕ್' ಎಂದು ಮುಚ್ಚುವ ಪದ್ಧತಿ ಅದರಿಂದ ಬಂತು. 'ಡು' ಎಂಬುದನ್ನು ಮಾತ್ರ 'ಓಡಿ' ಎಂದು ಮುಚ್ಚಲಾಗಲಿಲ್ಲ. ಓ-ಡಿ ಹೆಸರಿನ ಪ್ರೋಗ್ರಾಂ ಆಗಲೇ ಇತ್ತು. ಹಾಗಾಗಿ 'ಡನ್' ಬಂತು. ಅತ್ತ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಸಿ ಶೆಲ್ ಬರೆದರು, ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲೇ ಡೇವಿಡ್ ಕಾರ್ನ್ ತಮ್ಮದೊಂದನ್ನು ಬರೆದರು. 1989ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಬ್ಯಾಶ್ ತಂದರು. 1990ರಲ್ಲಿ ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಾಡ್ ಝಡ್‌ಶೆಲ್ ಬರೆದು, ಅಲ್ಲಿ ಬೋಧನಾ ಸಹಾಯಕರಾಗಿದ್ದ ಜಾಂಗ್ ಶಾವ್ ಅವರ ಲಾಗಿನ್ ಹೆಸರು ಝಡ್-ಎಸ್-ಎಚ್ ಎಂಬುದನ್ನೇ ಅದಕ್ಕೆ ಇಟ್ಟರು. ಫಿಶ್ ಬಂದದ್ದು 2005ರಲ್ಲಿ.

ಇಷ್ಟೊಂದು ಶೆಲ್‌ಗಳಿದ್ದರೆ ನಿಮಗೆ ಯಾವುದು ಎಂದು ಎಲ್ಲೋ ಒಂದು ಕಡೆ ಬರೆದಿಡಲೇಬೇಕಲ್ಲ. ಆ ಜಾಗ ಇಟಿಸಿ ಡೈರೆಕ್ಟರಿಯಲ್ಲಿರುವ ಪಾಸ್‌ವರ್ಡ್ ಫೈಲು. ಅದರ ಹೆಸರಿನ ಕಾಗುಣಿತದಲ್ಲಿ 'ಒ' ಮತ್ತು 'ಆರ್' ಅಕ್ಷರಗಳಿಲ್ಲ, ಪಿ-ಎ-ಎಸ್-ಎಸ್-ಡಬ್ಲ್ಯು-ಡಿ ಅಷ್ಟೇ. ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು ಸಾಲು. ಸಾಲಿನಲ್ಲಿ ಏಳು ಕಲಂ, ಕಲಮುಗಳ ನಡುವೆ ಕೋಲನ್ ಚಿಹ್ನೆ. ಸುಮಾ ಎಂಬ ಬಳಕೆದಾರರ ಸಾಲು ಹೀಗಿರುತ್ತದೆ ಎಂದುಕೊಳ್ಳಿ:

ಸುಮಾ:ಎಕ್ಸ್:1000:1000:ಸುಮಾ:/ಹೋಮ್/ಸುಮಾ:/ಬಿನ್/ಬ್ಯಾಶ್

ಮೊದಲ ಕಲಂ ಲಾಗಿನ್ ಹೆಸರು. ಎರಡನೆಯದರಲ್ಲಿ ಹಿಂದೆ ಪಾಸ್‌ವರ್ಡಿನ ಗೂಢರೂಪ ಇರುತ್ತಿತ್ತು. ಈ ಫೈಲನ್ನು ಎಲ್ಲರೂ ಓದಬಹುದಾದ್ದರಿಂದ ಅದನ್ನು ಶ್ಯಾಡೋ ಎಂಬ ಬೇರೆ ಫೈಲಿಗೆ ಸಾಗಿಸಿ, ಇಲ್ಲಿ ಬರೀ ಎಕ್ಸ್ ಉಳಿಸಿದರು. ಮೂರು, ನಾಲ್ಕು ಕಲಂಗಳು ಬಳಕೆದಾರರ ಮತ್ತು ಗುಂಪಿನ ಸಂಖ್ಯೆಗಳು. ಐದನೆಯದನ್ನು ಇವತ್ತಿಗೂ 'ಗೆಕೋಸ್' ಎನ್ನುತ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ ಪ್ರಿಂಟ್ ತೆಗೆಯಲು ಜನರಲ್ ಎಲೆಕ್ಟ್ರಿಕ್‌ನ ಗೆಕೋಸ್ ಯಂತ್ರಗಳಿಗೆ ಕೆಲಸ ಕಳಿಸುತ್ತಿದ್ದ ಕಾಲದ ಗುರುತು ಅದು. ಈಗ ಅಲ್ಲಿ ಪೂರ್ಣ ಹೆಸರು ಬರೆಯುತ್ತಾರೆ. ಆರನೆಯದು ಹೋಂ ಡೈರೆಕ್ಟರಿ.

ಏಳನೆಯದೇ ನಮ್ಮ ವಿಷಯ. ಡೀಫಾಲ್ಟ್ ಶೆಲ್ ಬದಲಿಸುವುದೆಂದರೆ ಈ ಕಲಂ ತಿದ್ದುವುದು. ಆಜ್ಞೆ ಯಾವುದೇ ಇರಲಿ, ಅದು ಕೊನೆಗೆ ಮಾಡುವ ಕೆಲಸ ಇಷ್ಟೇ.

ಈ ಕಲಂನಲ್ಲಿ ಶೆಲ್ಲೇ ಇರಬೇಕೆಂದಿಲ್ಲ ಎಂಬುದನ್ನು ತಿಳಿದಾಗ ನನಗೆ ವಿಷಯ ಥಟ್ಟನೆ ಸ್ಪಷ್ಟವಾಗಿತ್ತು. ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್ ಇರುವ ಯಂತ್ರದಲ್ಲಿ ಆ ಫೈಲು ತೆರೆದು ನೋಡಿ. 'ಸಿಂಕ್' ಎಂಬ ಬಳಕೆದಾರನ ಏಳನೆಯ ಕಲಂನಲ್ಲಿ ಸಿಂಕ್ ಎಂಬ ಪ್ರೋಗ್ರಾಮೇ ಇದೆ, ಮೆಮೊರಿಯಲ್ಲಿ ಉಳಿದ ಮಾಹಿತಿಯನ್ನು ಡಿಸ್ಕಿಗೆ ಬರೆದು ಮುಗಿಸುವ ಪುಟ್ಟ ಪ್ರೋಗ್ರಾಂ. ಆ ಹೆಸರಿನಲ್ಲಿ ಲಾಗಿನ್ ಆದರೆ ಅದು ಓಡಿ, ಮುಗಿದು, ನಿಮ್ಮನ್ನು ಹೊರಗೆ ಬಿಡುತ್ತದೆ. ವೆಬ್ ಸರ್ವರ್ ಮುಂತಾದ ಸೇವೆಗಳ ಖಾತೆಗಳಲ್ಲಿ ಸಾಮಾನ್ಯವಾಗಿ 'ನೋಲಾಗಿನ್' ಎಂದಿರುತ್ತದೆ. ಈ ಖಾತೆ ಸದ್ಯ ಲಭ್ಯವಿಲ್ಲ ಎಂದು ಹೇಳಿ ಬಾಗಿಲು ಹಾಕುವುದಷ್ಟೇ ಅದರ ಕೆಲಸ. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್ ಜೊತೆ ಬರುವ 'ಗಿಟ್-ಶೆಲ್' ಅನ್ನು ಅಲ್ಲಿ ಬರೆದರೆ ಆ ಬಳಕೆದಾರರು ಕೋಡ್ ಕಳಿಸಬಹುದು, ತರಿಸಿಕೊಳ್ಳಬಹುದು, ಬೇರೆ ಆಜ್ಞೆ ನಡೆಸಲಾಗದು. ಅಂದರೆ ಏಳನೆಯ ಕಲಂ ಹೇಳುವುದು ಇಷ್ಟು: ಈ ವ್ಯಕ್ತಿ ಒಳಗೆ ಬಂದ ಕೂಡಲೇ ಈ ಪ್ರೋಗ್ರಾಂ ಶುರು ಮಾಡು.

ಹಾಗಾದರೆ ಆ ಮಾತನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ? ಕಿರಿಯ ಗೆಳೆಯರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ನೀವು ಪಾಸ್‌ವರ್ಡ್ ಕೊಟ್ಟು ಒಳಬರುವಾಗ, ಕನ್ಸೋಲಿನಲ್ಲಾದರೆ 'ಲಾಗಿನ್' ಎಂಬ ಪ್ರೋಗ್ರಾಂ, ದೂರದಿಂದಾದರೆ ಎಸ್‌ಎಸ್‌ಎಚ್ ಸರ್ವರ್, ನಿಮ್ಮ ಸಾಲನ್ನು ಓದುತ್ತದೆ. ಆರನೆಯ ಕಲಂ ನೋಡಿ ನಿಮ್ಮನ್ನು ಹೋಂ ಡೈರೆಕ್ಟರಿಗೆ ಕರೆದೊಯ್ಯುತ್ತದೆ. ಏಳನೆಯದನ್ನು ನೋಡಿ 'ಶೆಲ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಬರೆದಿಡುತ್ತದೆ, ಆಮೇಲೆ ಆ ಪ್ರೋಗ್ರಾಮನ್ನು ಶುರು ಮಾಡುತ್ತದೆ. ಹಾಗೆ ಶುರು ಮಾಡುವಾಗ ಪ್ರೋಗ್ರಾಂ ಹೆಸರಿನ ಮುಂದೆ ಒಂದು ಅಡ್ಡಗೆರೆ ಸೇರಿಸುತ್ತದೆ. ಎಕೋ ಡಾಲರ್ ಸೊನ್ನೆ ಎಂದು ಕೇಳಿದಾಗ ಬ್ಯಾಶ್ ಎಂಬುದರ ಬದಲು '-ಬ್ಯಾಶ್' ಎಂದು ಬಂದರೆ ನೀವು ಲಾಗಿನ್ ಶೆಲ್ಲಿನಲ್ಲಿದ್ದೀರಿ. ಈ ಸಣ್ಣ ಗೆರೆ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಡೆಸ್ಕ್‌ಟಾಪಿನಲ್ಲಿ ಬೆಳಿಗ್ಗೆ ಲಾಗಿನ್ ಆದಾಗಲೇ ಈ ಓದು ಮುಗಿದಿರುತ್ತದೆ. ಆಗ ಬರೆದಿಟ್ಟ ವೇರಿಯಬಲ್ ನೀವು ತೆರೆಯುವ ಪ್ರತಿ ಪ್ರೋಗ್ರಾಂಗೂ ತಾಯಿಯಿಂದ ಮಗುವಿಗೆ ಬಂದಂತೆ ಹರಿದು ಬರುತ್ತದೆ. ಮಧ್ಯಾಹ್ನ ನೀವು ಏಳನೆಯ ಕಲಂ ತಿದ್ದಿದರೆ ಫೈಲು ಬದಲಾಯಿತು, ಬೆಳಿಗ್ಗೆಯ ನೆನಪು ಬದಲಾಗಲಿಲ್ಲ. ಟರ್ಮಿನಲ್ ಪ್ರೋಗ್ರಾಂ ಆ ಹಳೆಯ ನೆನಪನ್ನು ನಂಬಿ ಹಳೆಯ ಶೆಲ್ ತೆರೆಯುತ್ತದೆ. ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿ ಕೊಡುವ ಟಿಮಕ್ಸ್ ಬಳಸುವವರಿಗೆ ಇದು ಇನ್ನೂ ಹೆಚ್ಚು ದಿನ ಕಾಡುತ್ತದೆ. ಅದರ ಸರ್ವರ್ ಶುರುವಾದಾಗ ಹಿಡಿದಿಟ್ಟುಕೊಂಡ ಶೆಲ್ಲನ್ನೇ, ಆ ಸರ್ವರ್ ನಿಲ್ಲುವ ತನಕ, ಪ್ರತಿ ಹೊಸ ಕಿಟಕಿಗೂ ಕೊಡುತ್ತಿರುತ್ತದೆ.

ಆದ್ದರಿಂದ 'ನನ್ನ ಶೆಲ್ ಯಾವುದು' ಎಂಬ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ಎಕೋ ಡಾಲರ್ ಶೆಲ್ ಹೇಳುವುದು ಲಾಗಿನ್ ಹೊತ್ತಿನಲ್ಲಿ ಬರೆದಿಟ್ಟದ್ದನ್ನು. ಈಗ ಟೈಪಿಸುತ್ತಿರುವ ಶೆಲ್ ತಿಳಿಯಬೇಕಾದರೆ 'ಪಿಎಸ್ -ಪಿ' ಎಂದು ಬರೆದು ಎರಡು ಡಾಲರ್ ಚಿಹ್ನೆ ಹಾಕಿ. ಅದು ನಡೆಯುತ್ತಿರುವ ಪ್ರೋಗ್ರಾಮನ್ನೇ ತೋರಿಸುತ್ತದೆ. ಫಿಶ್‌ನಲ್ಲಿ ಎರಡು ಡಾಲರ್ ನಡೆಯದು, ಅಲ್ಲಿ ಅದಕ್ಕೆ 'ಫಿಶ್_ಪಿಡ್' ಎಂಬ ವೇರಿಯಬಲ್ ಇದೆ. ಮುಂದಿನ ಲಾಗಿನ್‌ಗೆ ಏನು ಸಿಗಲಿದೆ ಎಂದು ತಿಳಿಯಲು ಲಿನಕ್ಸ್‌ನಲ್ಲಿ 'ಗೆಟೆಂಟ್ ಪಾಸ್‌ವರ್ಡ್' ಎಂದು ಬರೆದು ನಿಮ್ಮ ಲಾಗಿನ್ ಹೆಸರು ಸೇರಿಸಿ. ಇಲ್ಲಿಯೂ ಪಾಸ್‌ವರ್ಡಿನ ಕಾಗುಣಿತ ಮೊದಲು ಹೇಳಿದ ಮೊಟಕು ರೂಪದ್ದು. ಮೂರೂ ಕಡೆ ಮೂರು ಬೇರೆ ಉತ್ತರ ಬಂದರೂ ಅವು ಒಂದನ್ನೊಂದು ಸುಳ್ಳು ಮಾಡುವುದಿಲ್ಲ.

ತಿದ್ದುವ ಕೈ

ತಿದ್ದುವ ಆಜ್ಞೆಯ ಹೆಸರು ಸಿ-ಎಚ್-ಎಸ್-ಎಚ್, 'ಚೇಂಜ್ ಶೆಲ್' ಎಂಬುದರ ಮೊಟಕು. ಝಡ್‌ಶೆಲ್ ಬೇಕೆಂದರೆ:

ಸಿಎಚ್‌ಎಸ್‌ಎಚ್ -ಎಸ್ /ಬಿನ್/ಝಡ್‌ಎಸ್‌ಎಚ್

ಪೂರ್ತಿ ದಾರಿ ಕೊಡಬೇಕು, ಬರೀ ಹೆಸರು ಸಾಲದು. ನಿಮ್ಮ ಯಂತ್ರದಲ್ಲಿ ಅದು ಎಲ್ಲಿದೆಯೆಂದು ತಿಳಿಯಲು 'ಕಮಾಂಡ್ -ವಿ ಝಡ್‌ಎಸ್‌ಎಚ್' ಎಂದು ಮೊದಲೇ ಕೇಳಿಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಾಸ್‌ವರ್ಡ್ ಫೈಲನ್ನು ಯಾರು ಬೇಕಾದರೂ ಓದಬಹುದು, ಬರೆಯುವ ಹಕ್ಕು ಮಾತ್ರ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ರೂಟ್ ಖಾತೆಗೇ. ಹಾಗಿದ್ದರೂ ಸುಮಾ ತನ್ನ ಶೆಲ್ಲನ್ನು ತಾನೇ ಬದಲಿಸಿಕೊಳ್ಳಬಲ್ಲಳು. ಇದು ಸಾಧ್ಯವಾದದ್ದು 'ಸೆಟ್-ಯುಐಡಿ' ಎಂಬ ಗುರುತಿನಿಂದ. ಆ ಗುರುತು ಇರುವ ಪ್ರೋಗ್ರಾಂ, ಯಾರು ಓಡಿಸಿದರೂ, ತನ್ನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಡೆನಿಸ್ ರಿಚಿ ಕಂಡುಹಿಡಿದ ಈ ಉಪಾಯಕ್ಕೆ 1979ರಲ್ಲಿ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತ್ತು. ಶೆಲ್ ಬದಲಿಸುವ ಪ್ರೋಗ್ರಾಂ ರೂಟ್‌ನ ಕೈಯಿಂದ ಬರೆಯುತ್ತದೆ, ಆದರೆ ನಿಮ್ಮ ಸಾಲಿನ ಏಳನೆಯ ಕಲಂ ಬಿಟ್ಟು ಬೇರೇನನ್ನೂ ಮುಟ್ಟಲು ಬಿಡುವುದಿಲ್ಲ. ಪಾಸ್‌ವರ್ಡ್ ಕೇಳುವುದೂ ಇದೇ ಕಾರಣಕ್ಕೆ. ನೀವು ಕಾಫಿಗೆ ಎದ್ದು ಹೋದಾಗ ಪಕ್ಕದವರು ಬಂದು ನಿಮ್ಮ ಲಾಗಿನ್‌ನ ಮೊದಲ ಪ್ರೋಗ್ರಾಮನ್ನೇ ಬದಲಿಸಿಬಿಟ್ಟರೆ ಮುಂದಿನದೆಲ್ಲ ಅವರ ಕೈಯಲ್ಲಿ.

ಇನ್ನೊಂದು ಕಾವಲು ಇಟಿಸಿ ಡೈರೆಕ್ಟರಿಯ 'ಶೆಲ್ಸ್' ಎಂಬ ಫೈಲು. ಈ ಯಂತ್ರದಲ್ಲಿ ಲಾಗಿನ್‌ಗೆ ಒಪ್ಪಿತವಾದ ಶೆಲ್‌ಗಳ ಪಟ್ಟಿ ಅದು. ಅಲ್ಲಿ ಇಲ್ಲದ ದಾರಿಯನ್ನು ಸಾಮಾನ್ಯ ಬಳಕೆದಾರರು ಕೊಟ್ಟರೆ ಆಜ್ಞೆ ನಿರಾಕರಿಸುತ್ತದೆ. ಪ್ಯಾಕೇಜ್ ಮೂಲಕ ಹಾಕಿದ ಶೆಲ್ ತನ್ನ ಹೆಸರನ್ನು ಸಾಮಾನ್ಯವಾಗಿ ತಾನೇ ಅಲ್ಲಿ ಬರೆಸಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಹೋಂಬ್ರೂ ಮೂಲಕ ಫಿಶ್ ಹಾಕಿಕೊಂಡವರು ಅದರ ದಾರಿಯನ್ನು, ರೂಟ್ ಅಧಿಕಾರದಲ್ಲಿ ಆಜ್ಞೆ ನಡೆಸುವ ಸುಡೋ ಬಳಸಿ, ತಾವೇ ಸೇರಿಸಬೇಕು. ಹೊಸ ಆಪಲ್ ಚಿಪ್ಪಿನ ಯಂತ್ರಗಳಲ್ಲಿ ಆ ದಾರಿ ಆಪ್ಟ್ ಡೈರೆಕ್ಟರಿಯ ಹೋಂಬ್ರೂ ಒಳಗಿನದು, ಹಳೆಯ ಇಂಟೆಲ್ ಯಂತ್ರಗಳಲ್ಲಿ ಯುಎಸ್‌ಆರ್ ಒಳಗಿನ ಲೋಕಲ್. ಈ ಪಟ್ಟಿಯನ್ನು ನೋಡುವವರು ಬೇರೆಯವರೂ ಇದ್ದಾರೆ. ಹಳೆಯ ಎಫ್‌ಟಿಪಿ ಸರ್ವರ್‌ಗಳು, ಏಳನೆಯ ಕಲಂ ಈ ಪಟ್ಟಿಯಲ್ಲಿಲ್ಲದಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುತ್ತಿರಲಿಲ್ಲ.

ರೂಟ್ ಅಧಿಕಾರ ಇರುವವರು ಇನ್ನೊಬ್ಬರ ಶೆಲ್ ಬದಲಿಸಲು 'ಯೂಸರ್‌ಮಾಡ್ -ಎಸ್' ಬಳಸಬಹುದು. ಅದು ಶೆಲ್ಸ್ ಪಟ್ಟಿಯನ್ನು ಕೇಳುವುದಿಲ್ಲ. ದಾರಿಯಲ್ಲಿ ಒಂದಕ್ಷರ ತಪ್ಪಿದರೂ ಬರೆದುಬಿಡುತ್ತದೆ, ಹೆಚ್ಚೆಂದರೆ ಎಚ್ಚರಿಕೆಯ ಒಂದು ಸಾಲು ತೋರಿಸೀತು. ಫೆಡೋರಾದಲ್ಲಿ ಸಿಎಚ್‌ಎಸ್‌ಎಚ್ ಆಜ್ಞೆಯೇ ಇಲ್ಲ ಎಂದು ಬಂದರೆ ಗಾಬರಿ ಬೇಡ, 'ಯುಟಿಲ್-ಲಿನಕ್ಸ್-ಯೂಸರ್' ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಕಾಲೇಜು ಲ್ಯಾಬ್, ಕಚೇರಿಗಳಲ್ಲಿ ಖಾತೆಗಳು ಎಲ್‌ಡ್ಯಾಪ್‌ನಂಥ ಕೇಂದ್ರ ಪಟ್ಟಿಯಲ್ಲಿರುತ್ತವೆ. ನಿಮ್ಮ ಸಾಲು ಆ ಯಂತ್ರದ ಫೈಲಿನಲ್ಲೇ ಇರುವುದಿಲ್ಲವಾದ್ದರಿಂದ ಇಂಥ ಬಳಕೆದಾರರಿಲ್ಲ ಎಂಬ ಉತ್ತರ ಬರುತ್ತದೆ. ಗೆಟೆಂಟ್ ಮಾತ್ರ ಎರಡೂ ಕಡೆ ಹುಡುಕಿ ಹೇಳುತ್ತದೆ. ಅಂಥಲ್ಲಿ ಅಡ್ಮಿನ್ ಬಳಿ ಕೇಳುವುದೇ ದಾರಿ.

ಮ್ಯಾಕ್ ಓಎಸ್ ಕೂಡ ನಿತ್ಯದ ಬಳಕೆದಾರರನ್ನು ಪಾಸ್‌ವರ್ಡ್ ಫೈಲಿನಲ್ಲಿ ಇಡುವುದಿಲ್ಲ. ತನ್ನದೇ ಡೈರೆಕ್ಟರಿ ಸೇವೆಯಲ್ಲಿ 'ಯೂಸರ್‌ಶೆಲ್' ಎಂಬ ಹೆಸರಿನಲ್ಲಿ ಇಡುತ್ತದೆ. ಆಜ್ಞೆ ಮಾತ್ರ ಅದೇ. ಅಲ್ಲಿನ ಬದಲಾವಣೆಯ ಕಥೆ ಅನೇಕರಿಗೆ ನೆನಪಿರಬಹುದು. 2003ರವರೆಗೆ ಸಿ ಶೆಲ್ಲಿನ ಸುಧಾರಿತ ರೂಪವಾದ ಟಿಸಿ ಶೆಲ್, ಆಮೇಲೆ ಬ್ಯಾಶ್. ಬ್ಯಾಶ್ 4ನೇ ಆವೃತ್ತಿಯಿಂದ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಗೆ ಹೋಯಿತು, ಆಪಲ್ 3.2ರಲ್ಲೇ ನಿಂತಿತು. 2019ರ ಕ್ಯಾಟಲಿನಾದಿಂದ ಹೊಸ ಖಾತೆಗಳಿಗೆ ಝಡ್‌ಶೆಲ್ ಬಂತು. ಹಳೆಯ ಖಾತೆಗಳನ್ನು ಆಪಲ್ ಮುಟ್ಟಲಿಲ್ಲ, ಟರ್ಮಿನಲ್ ತೆರೆದಾಗಲೆಲ್ಲ ಡೀಫಾಲ್ಟ್ ಈಗ ಝಡ್‌ಶೆಲ್ ಎಂಬ ಸೂಚನೆಯನ್ನಷ್ಟೇ ತೋರಿಸಿತು. ಅದು ಸರಿಯಾದ ನಡೆ ಎಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಕೂಡಿಸಿಟ್ಟ ಏರ್ಪಾಡು ಒಂದು ರಾತ್ರಿಯ ಅಪ್‌ಡೇಟಿನಲ್ಲಿ ಮೂಲೆಗೆ ಸರಿಯಬಾರದು.

ಮನೆ ಬದಲಿಸಿದಾಗ ಬಿಟ್ಟುಹೋಗುವ ಸಾಮಾನು

ಏರ್ಪಾಡು ಎಂದೆನಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಕಲಂ ತಿದ್ದಿದ್ದಾಯಿತು, ಲಾಗಿನ್ ಆಯಿತು, ಹೊಸ ಶೆಲ್ ಬಂತು. ಆದರೆ ಆಜ್ಞೆಗಳಿಗೆ ಇಟ್ಟ ಅಡ್ಡಹೆಸರುಗಳಾದ ಹಳೆಯ ಅಲಿಯಾಸ್‌ಗಳಿಲ್ಲ, ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಪಾತ್‌ಗೆ ಸೇರಿಸಿದ ದಾರಿಗಳಿಲ್ಲ, ನಿನ್ನೆ ನಡೆಯುತ್ತಿದ್ದ ಆಜ್ಞೆ ಇವತ್ತು ಸಿಗುತ್ತಿಲ್ಲ. ಒಂದೊಂದು ಶೆಲ್ ಓದುವ ಫೈಲುಗಳೇ ಬೇರೆ.

ಬ್ಯಾಶ್ ಲಾಗಿನ್ ಶೆಲ್ ಆಗಿ ಶುರುವಾದರೆ, ಅಂದರೆ ಆ ಸಣ್ಣ ಅಡ್ಡಗೆರೆಯೊಂದಿಗೆ ಬಂದರೆ, ಇಟಿಸಿಯ ಪ್ರೊಫೈಲ್ ಓದಿ, ನಿಮ್ಮ ಹೋಂನಲ್ಲಿ ಬ್ಯಾಶ್_ಪ್ರೊಫೈಲ್, ಬ್ಯಾಶ್_ಲಾಗಿನ್, ಪ್ರೊಫೈಲ್ ಎಂಬ ಮೂರರಲ್ಲಿ ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತದೆ. ಗೆರೆಯಿಲ್ಲದೆ ಬಂದರೆ ಬ್ಯಾಶ್‌ಆರ್‌ಸಿ ಓದುತ್ತದೆ. ಝಡ್‌ಶೆಲ್ ಇವೆರಡನ್ನೂ ತಿರುಗಿ ನೋಡುವುದಿಲ್ಲ. ಅದಕ್ಕೆ ಝಡ್‌ಎಸ್‌ಎಚ್‌ಎನ್ವ್, ಝಡ್‌ಪ್ರೊಫೈಲ್, ಝಡ್‌ಎಸ್‌ಎಚ್‌ಆರ್‌ಸಿ ಎಂಬ ತನ್ನವೇ ಇವೆ. ಫಿಶ್‌ನದು ಕಾನ್ಫಿಗ್ ಡೈರೆಕ್ಟರಿಯೊಳಗಿನ ಕಾನ್ಫಿಗ್.ಫಿಶ್. ಈ ಎಲ್ಲ ಫೈಲುಗಳ ಹೆಸರಿನ ಮುಂದೆ ಅಥವಾ ಅವಿರುವ ಡೈರೆಕ್ಟರಿಯ ಮುಂದೆ ಒಂದು ಚುಕ್ಕೆ ಇರುತ್ತದೆ, ಹಾಗಾಗಿ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರಿಗೆ ಇದರಿಂದ ಬೇರೆಯದೇ ಒಂದು ಪೆಟ್ಟು ಬೀಳುತ್ತದೆ. ಭಾಷೆ ಮತ್ತು ಯುನಿಕೋಡ್‌ನ ಲೋಕೇಲ್ ಸಾಲನ್ನು ನೀವು ಪ್ರೊಫೈಲ್ ಫೈಲಿನಲ್ಲಿ ಬರೆದಿದ್ದಿರಿ ಎನ್ನಿ. ಹೊಸ ಶೆಲ್ ಅದನ್ನು ಓದಲಿಲ್ಲ, ಸಿಸ್ಟಂ ಕೂಡ ಬೇರೆ ಕಡೆಯಿಂದ ಕೊಡಲಿಲ್ಲ ಎಂದರೆ ಲೋಕೇಲ್ 'ಸಿ' ಎಂಬ ಮೂಲಸ್ಥಿತಿಗೆ ಬೀಳುತ್ತದೆ. ಆಗ ಎಲ್‌ಎಸ್ ಹೊಡೆದರೆ 'ಕ' ಎಂಬ ಒಂದಕ್ಷರದ ಜಾಗದಲ್ಲಿ 340, 262, 225 ಎಂಬ ಮೂರು ಅಂಕಿಗಳು, ಪ್ರತಿಯೊಂದಕ್ಕೂ ಮೊದಲು ಒಂದು ಓರೆಗೆರೆ. ಯುಟಿಎಫ್-8ರಲ್ಲಿ 'ಕ' ಮೂರು ಬೈಟುಗಳ ಅಕ್ಷರ, ಆ ಬೈಟುಗಳ ಆಕ್ಟಲ್ ರೂಪ ಅದು. ಇದನ್ನು ಕಂಡು ಫೈಲುಗಳೇ ಕೆಟ್ಟುಹೋದವೆಂದು ಹೆದರಿದವರನ್ನು ನೋಡಿದ್ದೇನೆ. ಏನೂ ಕೆಟ್ಟಿರುವುದಿಲ್ಲ, ಲೋಕೇಲ್ ಸಾಲನ್ನು ಹೊಸ ಶೆಲ್ಲಿನ ಫೈಲಿಗೆ ಸೇರಿಸಿದರೆ ಅಕ್ಷರಗಳು ಮರಳುತ್ತವೆ.

ಝಡ್‌ಶೆಲ್‌ನಲ್ಲಿ ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸೆಟ್ಟಿಂಗ್ ಇದೆ, 'ಕಂಬೈನಿಂಗ್_ಚಾರ್ಸ್' ಎಂದು ಅದರ ಹೆಸರು. ಇದು ಚಾಲೂ ಇಲ್ಲದಿದ್ದರೆ ತನ್ನದೇ ಅಗಲವಿಲ್ಲದ ಚಿಹ್ನೆಗಳನ್ನು, ಉದಾಹರಣೆಗೆ 'ಕನ್ನಡ' ಎಂಬಲ್ಲಿ ನ ಒತ್ತಿಗಾಗಿ ಒಳಗೆ ಕೂತಿರುವ ಹಲಂತವನ್ನು, ಆಜ್ಞೆ ಟೈಪಿಸುವ ಸಾಲಿನಲ್ಲಿ ಬೇರೆ ಗುರುತಾಗಿ ಬಿಡಿಸಿ ತೋರಿಸುತ್ತದೆ. ಮ್ಯಾಕ್‌ನವರು ಯುಟಿಎಫ್-8 ಇದ್ದರೆ ಇದನ್ನು ತಾವೇ ಚಾಲೂ ಮಾಡಿ ಕೊಡುತ್ತಾರೆ. ಲಿನಕ್ಸ್‌ನಲ್ಲಿ ಹಾಗೆ ಕಂಡರೆ ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ 'ಸೆಟ್‌ಆಪ್ಟ್ ಕಂಬೈನಿಂಗ್_ಚಾರ್ಸ್' ಎಂದು ಒಂದು ಸಾಲು ಸೇರಿಸಿ. ಟರ್ಮಿನಲ್ ಕನ್ನಡವನ್ನು ಸರಿಯಾಗಿ ಕೂಡಿಸಬಲ್ಲದ್ದಾಗಿರಬೇಕು ಎಂಬ ಷರತ್ತು ಇದ್ದೇ ಇದೆ, ಎಲ್ಲ ಟರ್ಮಿನಲ್‌ಗಳಿಗೂ ಅದು ಬರುವುದಿಲ್ಲ.

ಬರವಣಿಗೆಯ ರೂಢಿಯೂ ಬದಲಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇರುವ ವೆಬ್ ವಿಳಾಸವನ್ನು ಉದ್ಧರಣ ಚಿಹ್ನೆಯಿಲ್ಲದೆ, ವೆಬ್‌ನಿಂದ ಮಾಹಿತಿ ತರಿಸುವ ಕರ್ಲ್‌ಗೆ ಕೊಟ್ಟರೆ ಬ್ಯಾಶ್ ಸುಮ್ಮನೆ ದಾಟಿಸುತ್ತಿತ್ತು. ಝಡ್‌ಶೆಲ್ ಅದನ್ನು ಫೈಲು ಹುಡುಕುವ ಮಾದರಿಯೆಂದು ತಿಳಿದು, ಹೊಂದುವ ಫೈಲು ಸಿಗಲಿಲ್ಲವೆಂದು ಆಜ್ಞೆಯನ್ನೇ ನಿಲ್ಲಿಸುತ್ತದೆ. ಪೈಥಾನ್ ಪ್ಯಾಕೇಜಿನ ಹೆಸರಿಗೆ ಚೌಕ ಆವರಣ ಹಾಕಿ ಪಿಪ್ ಹೊಡೆಯುವವರಿಗೂ ಇದೇ ಆಗುತ್ತದೆ. ಝಡ್‌ಶೆಲ್‌ನಲ್ಲಿ ಅರೇಗಳ ಎಣಿಕೆ ಸೊನ್ನೆಯ ಬದಲು 1ರಿಂದ. ಫಿಶ್ ಬೋರ್ನ್ ಪರಂಪರೆಯನ್ನು ಇನ್ನೂ ದೂರ ಬಿಟ್ಟಿದೆ, ಇಫ್-ಫಿ, ಡು-ಡನ್ ಯಾವುದೂ ಇಲ್ಲದೆ ಎಲ್ಲವನ್ನೂ 'ಎಂಡ್' ಎಂದು ಮುಚ್ಚುತ್ತದೆ. ಓದಲು ಚೆಂದ, ಕಲಿಯಲೂ ಸುಲಭ. ಆದರೆ ಇಂಟರ್ನೆಟ್ಟಿನಿಂದ ನಕಲಿಸಿ ತಂದ ಹತ್ತು ಸಾಲು ನೇರ ನಡೆಯುತ್ತದೆಂದು ಎಣಿಸಬೇಡಿ.

ಸ್ಕ್ರಿಪ್ಟ್ ಕೇಳುವ ಶೆಲ್ ಬೇರೆ

ಹಾಗಾದರೆ ನಾನು ಬರೆದಿಟ್ಟ ಬ್ಯಾಶ್ ಸ್ಕ್ರಿಪ್ಟುಗಳ ಗತಿ? ಅವಕ್ಕೆ ಏನೂ ಆಗುವುದಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹ್ಯಾಶ್ ಮತ್ತು ಆಶ್ಚರ್ಯಸೂಚಕ ಚಿಹ್ನೆಗಳ ನಂತರ ಯಾವ ಪ್ರೋಗ್ರಾಂ ಹೆಸರಿದೆಯೋ ಕರ್ನಲ್ ಅದನ್ನೇ ಕರೆಯುತ್ತದೆ. ನಿಮ್ಮ ಏಳನೆಯ ಕಲಂ ಅಲ್ಲಿ ಮಾತೇ ಆಡುವುದಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಕೂಡ, ನೀವು ಬೇರೆ ಹೇಳದಿದ್ದರೆ, ಬಿನ್ ಡೈರೆಕ್ಟರಿಯ ಎಸ್-ಎಚ್ ಎಂಬ ಶೆಲ್ಲಿನಿಂದಲೇ ಕೆಲಸ ಓಡಿಸುತ್ತದೆ.

ಈ ಎಸ್-ಎಚ್ ಎಂಬುದು ಒಂದು ಹುದ್ದೆ ಎಂದುಕೊಳ್ಳಿ, ಅದರಲ್ಲಿ ಯಾರು ಕೂತಿದ್ದಾರೆಂಬುದು ಸಿಸ್ಟಮ್ಮಿನ ಆಯ್ಕೆ. ಉಬುಂಟುವಿನಲ್ಲಿ 2006ರ ಅಕ್ಟೋಬರ್‌ವರೆಗೆ ಅಲ್ಲಿ ಬ್ಯಾಶ್ ಇತ್ತು. 6.10 ಆವೃತ್ತಿಯಲ್ಲಿ ಡ್ಯಾಶ್ ಎಂಬ ಹಗುರ ಶೆಲ್ಲನ್ನು ಕೂರಿಸಿದರು, ಬೂಟ್ ಹೊತ್ತಿನಲ್ಲಿ ಓಡುವ ನೂರಾರು ಸಣ್ಣ ಸ್ಕ್ರಿಪ್ಟುಗಳು ಬೇಗ ಮುಗಿಯಲಿ ಎಂದು. 2011ರ ಸ್ಕ್ವೀಝ್ ಆವೃತ್ತಿಯಿಂದ ಡೆಬಿಯನ್ ಕೂಡ ಹಾಗೇ ಮಾಡಿತು. ಮೊದಲ ಸಾಲಿನಲ್ಲಿ ಎಸ್-ಎಚ್ ಎಂದು ಬರೆದು ಒಳಗೆ ಬ್ಯಾಶ್‌ಗೆ ತಿಳಿಯುವ, ಡ್ಯಾಶ್‌ಗೆ ತಿಳಿಯದ ಜೋಡಿ ಚೌಕ ಆವರಣ, ಅರೇ ಬಳಸಿದ್ದ ಸ್ಕ್ರಿಪ್ಟುಗಳು ಆಗ ಮುರಿದುಬಿದ್ದವು. ತಪ್ಪು ಸ್ಕ್ರಿಪ್ಟಿನದೇ. ಆದರೂ ಅದನ್ನು ನಂಬಿ ಕೂತವರಿಗೆ ಆದ ನಷ್ಟ ನಿಜವಾದದ್ದು. ಇದು ವೈಯಕ್ತಿಕ ಡೀಫಾಲ್ಟ್ ಬದಲಿಸುವುದಕ್ಕಿಂತ ಪೂರ್ತಿ ಬೇರೆ ಕೆಲಸ. ಎಸ್-ಎಚ್ ಎಂಬ ಲಿಂಕನ್ನು ಫಿಶ್ ಕಡೆಗೋ ಝಡ್‌ಶೆಲ್ ಕಡೆಗೋ ತಿರುಗಿಸುವ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಪಾಲಿಸಬೇಡಿ, ಇಡೀ ಸಿಸ್ಟಂ ಅದರ ಮೇಲೆ ನಿಂತಿದೆ.

ಸ್ಕ್ರಿಪ್ಟುಗಳಿಗೆ ತಾಗದಿದ್ದರೂ ಒಂದು ಕಡೆ ಏಳನೆಯ ಕಲಂ ಕೈಹಾಕುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಒಂದೇ ಒಂದು ಆಜ್ಞೆ ಕಳಿಸಿದರೆ, ಅಲ್ಲಿನ ಸರ್ವರ್ ಅದನ್ನು ನಿಮ್ಮ ಲಾಗಿನ್ ಶೆಲ್ ಕೈಗೇ ಕೊಟ್ಟು ನಡೆಸು ಎನ್ನುತ್ತದೆ. ಹಲವು ಯಂತ್ರಗಳನ್ನು ದೂರದಿಂದ ನಿಭಾಯಿಸುವ ಆನ್ಸಿಬಲ್‌ನಂಥ ಉಪಕರಣಗಳು ಬೋರ್ನ್ ಶೈಲಿಯ ಸಾಲುಗಳನ್ನು ಕಳಿಸುತ್ತವೆ. ಅಲ್ಲಿ ಫಿಶ್ ಕೂತಿದ್ದರೆ ಕೆಲವು ಸಾಲು ಅದಕ್ಕೆ ಅರ್ಥವಾಗುವುದಿಲ್ಲ. ಆರ್‌ಸಿ ಫೈಲಿನಲ್ಲಿ ಸ್ವಾಗತದ ಸಾಲೊಂದನ್ನು ಮುದ್ರಿಸುವವರು ಫೈಲು ಸಾಗಿಸುವ ಎಸ್‌ಸಿಪಿ, ಆರ್‌ಸಿಂಕ್ ಎರಡನ್ನೂ ಕೆಡಿಸಿಕೊಳ್ಳುತ್ತಾರೆ. ಆ ಪಠ್ಯ ಫೈಲಿನ ದತ್ತಾಂಶದ ನಡುವೆ ಬಂದು ಸೇರುತ್ತದೆ.

ಬಾಗಿಲು ಮುಚ್ಚಿಹೋದರೆ

ರೂಟ್ ಖಾತೆಯ ಶೆಲ್ ಬದಲಿಸಬೇಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಅದಕ್ಕೆ ಕಾರಣವಾದ ಒಂದು ರಾತ್ರಿ ನನ್ನ ನೆನಪಿನಲ್ಲಿದೆ. ಬಾಡಿಗೆಗೆ ಪಡೆದ ಒಂದು ಸರ್ವರ್‌ನಲ್ಲಿ, ನಾನೇ ಕಂಪೈಲ್ ಮಾಡಿ ಲೋಕಲ್ ಡೈರೆಕ್ಟರಿಯಲ್ಲಿಟ್ಟ ಶೆಲ್ಲನ್ನು ರೂಟ್‌ಗೆ ಡೀಫಾಲ್ಟ್ ಮಾಡಿದ್ದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಸಿಸ್ಟಂ ಮೇಲ್ದರ್ಜೆಗೆ ಏರಿಸಿದ ದಿನ ಆ ಶೆಲ್ ನಂಬಿದ್ದ ಲೈಬ್ರರಿಯ ಹಳೆಯ ಆವೃತ್ತಿ ಹೋಯಿತು. ಎಸ್‌ಎಸ್‌ಎಚ್ ಕೀಲಿಯನ್ನು ಒಪ್ಪಿಕೊಂಡು ಮರುಕ್ಷಣ ಸಂಪರ್ಕ ಕಡಿದುಹಾಕುತ್ತಿತ್ತು. ವೆಬ್ ಕನ್ಸೋಲಿನಿಂದ ಪಾಸ್‌ವರ್ಡ್ ಕೊಟ್ಟರೂ ಅದೇ. ಪಾಸ್‌ವರ್ಡ್ ಸರಿಯಿತ್ತು, ಕೀಲಿ ಸರಿಯಿತ್ತು, ಒಳಗೆ ಬಂದ ಮೇಲೆ ಶುರುವಾಗಬೇಕಾದ ಪ್ರೋಗ್ರಾಂ ಮಾತ್ರ ಏಳುತ್ತಿರಲಿಲ್ಲ.

ಆಗ ಉಳಿದ ದಾರಿ ಬೂಟ್ ಹೊತ್ತಿನದು. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಕರ್ನಲ್ ಸಾಲಿನ ಕೊನೆಗೆ 'ಇನಿಟ್=/ಬಿನ್/ಎಸ್‌ಎಚ್' ಎಂದು ಸೇರಿಸಿದರೆ ಲಾಗಿನ್ ಎಂಬ ಹಂತವೇ ಇಲ್ಲದೆ ನೇರ ಶೆಲ್ ಸಿಗುತ್ತದೆ. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ, ಅದನ್ನು ಬರೆಯುವ ಸ್ಥಿತಿಗೆ ಮರುಮೌಂಟ್ ಮಾಡಿ, ಪಾಸ್‌ವರ್ಡ್ ಫೈಲಿನ ಮೊದಲ ಸಾಲಿನ ಏಳನೆಯ ಕಲಂ ತಿದ್ದಿ, ಮರುಬೂಟ್ ಮಾಡಿದೆ. ತಿದ್ದಿದ್ದು ಒಂದೇ ಪದ. ಅಲ್ಲಿಗೆ ತಲುಪಲು ಎರಡು ಗಂಟೆ ಹಿಡಿದಿತ್ತು.

ಸಾಮಾನ್ಯ ಖಾತೆಗೆ ಹೀಗಾದರೆ ಇಷ್ಟು ಕಷ್ಟವಿಲ್ಲ. ಅದೇ ಯಂತ್ರದಲ್ಲಿ ಸುಡೋ ಅಧಿಕಾರ ಇರುವ ಇನ್ನೊಂದು ಖಾತೆಯಿಂದ 'ಸುಡೋ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್' ಎಂದು ಬರೆದು ಹೆಸರು ಸೇರಿಸಿದರೆ ಮುಗಿಯಿತು. ರೂಟ್ ಆಗಿ ಒಳಗಿದ್ದರೆ 'ಎಸ್‌ಯು -ಎಸ್ /ಬಿನ್/ಬ್ಯಾಶ್' ಎಂದು ಬರೆದು ಆ ಖಾತೆಯ ಹೆಸರು ಸೇರಿಸಿ, ಅದರ ಮುರಿದ ಶೆಲ್ಲನ್ನು ಬದಿಗಿಟ್ಟು ಒಳಗೆ ಹೋಗಿ ನೋಡಬಹುದು. ಇದಕ್ಕೂ ಮೊದಲಿನ ಜಾಗ್ರತೆ ಸರಳವಾದದ್ದು. ಶೆಲ್ ಬದಲಿಸಿದ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಅದು ತೆರೆದ ಮೇಲೆ ಹಳೆಯದನ್ನು ಬಿಡಿ. ತೆರೆಯದಿದ್ದರೆ ಹಳೆಯ ಕಿಟಕಿಯಲ್ಲಿ ಇನ್ನೂ ಜೀವಂತವಾಗಿರುವ ಹಳೆಯ ಶೆಲ್ಲಿನಿಂದಲೇ ತಿದ್ದುಪಡಿ ವಾಪಸ್ ತೆಗೆದುಕೊಳ್ಳಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಆ ಕಿರಿಯ ಗೆಳೆಯರು ಕೇಳುವ ಮುಂದಿನ ಪ್ರಶ್ನೆ: "ಹಾಗಾದ್ರೆ ಕಲಂ ಮುಟ್ಟದೇ ಫಿಶ್ ಬಳಸೋಕೆ ಆಗಲ್ವಾ ಸರ್?" ಖಂಡಿತ ಆಗುತ್ತದೆ, ನಾನೂ ಹಾಗೇ ಬಳಸುವುದು. ಹೆಚ್ಚಿನ ಟರ್ಮಿನಲ್‌ಗಳ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಯಾವ ಪ್ರೋಗ್ರಾಂ ಶುರುವಾಗಬೇಕೆಂದು ಬರೆಯಲು ಜಾಗ ಇದೆ, ಅಲ್ಲಿ ಫಿಶ್‌ನ ದಾರಿ ಕೊಟ್ಟರೆ ಸಾಕು. ಟಿಮಕ್ಸ್‌ನಲ್ಲಿ 'ಡೀಫಾಲ್ಟ್-ಶೆಲ್' ಎಂಬ ಸೆಟ್ಟಿಂಗ್ ಇದೆ. ಇಲ್ಲದಿದ್ದರೆ ಬ್ಯಾಶ್‌ಆರ್‌ಸಿಯ ಕೊನೆಯಲ್ಲಿ, ಶೆಲ್ ಮನುಷ್ಯರ ಟೈಪಿಂಗ್‌ಗಾಗಿ ತೆರೆದದ್ದೇ, ಫಿಶ್ ಯಂತ್ರದಲ್ಲಿ ಇದೆಯೇ ಎಂದು ಎರಡನ್ನೂ ಪರೀಕ್ಷಿಸಿ, ಬ್ಯಾಶ್‌ನ ಜಾಗಕ್ಕೆ ಫಿಶ್ ಬರುವಂತೆ 'ಎಕ್ಸೆಕ್ ಫಿಶ್' ಎಂದು ಬರೆಯಬಹುದು. ತಾಯಿ ಪ್ರೋಗ್ರಾಂ ಆಗಲೇ ಫಿಶ್ ಆಗಿದ್ದರೆ ಬೇಡ ಎಂಬ ಮೂರನೆಯ ಪರೀಕ್ಷೆಯನ್ನೂ ಸೇರಿಸಿ. ಅದಿಲ್ಲದಿದ್ದರೆ ಫಿಶ್ ಒಳಗಿಂದ ಬ್ಯಾಶ್ ಬೇಕೆಂದು ಕರೆದಾಗ ಮತ್ತೆ ಫಿಶ್ಶೇ ಬಂದು ನಿಲ್ಲುತ್ತದೆ. ಹೀಗೆ ಮಾಡಿದರೆ ಏಳನೆಯ ಕಲಂನಲ್ಲಿ ಬ್ಯಾಶ್ ಹಾಗೇ ಇರುತ್ತದೆ, ಪ್ರೊಫೈಲ್ ಫೈಲನ್ನು ಅದೇ ಓದುತ್ತದೆ, ಲೋಕೇಲ್ ಉಳಿಯುತ್ತದೆ, ದೂರದಿಂದ ಬರುವ ಆಜ್ಞೆಗಳಿಗೆ ಅರ್ಥವಾಗುವ ಶೆಲ್ ಸಿಗುತ್ತದೆ. ನೀವು ಟೈಪಿಸಲು ಕೂತಾಗ ಎದುರಿಗೆ ಫಿಶ್ ಇರುತ್ತದೆ. ಟರ್ಮಿನಲ್ ಸೆಟ್ಟಿಂಗ್‌ನ ದಾರಿ ಹಿಡಿದಿದ್ದರೆ, ಒಂದು ದಿನ ಅದು ಕೆಟ್ಟರೂ ಲಾಗಿನ್ ಆಗಲು ಅಡ್ಡಿಯಿಲ್ಲ.